ಹರಳಿನ ಹದ: ಮುದ್ರಿತ ಪೆರೊವ್ಸ್ಕೈಟ್ ಸೌರಕೋಶದಲ್ಲಿ ಸೇರ್ಪಡೆಗಳು ಮಾಡುವ ಕೆಲಸ

ಗಂಟೆಗೆ 180 ಮೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ 5 ಸೆಂಟಿಮೀಟರ್. ಈ ವೇಗದಲ್ಲಿ ಒಂದು ಅಲಗು ಹಳದಿ ಶಾಯಿಯನ್ನು ಗಾಜಿನ ಮೇಲೆ ಸವರಿಕೊಂಡು ಹೋಗುತ್ತದೆ. ಹಿಂದೆ ಉಳಿದ ತೆಳು ಪದರ ಆರುತ್ತಾ ಆರುತ್ತಾ ಕಪ್ಪಾಗುತ್ತದೆ. ಬಿಸಿಲನ್ನು ವಿದ್ಯುತ್ತಾಗಿ ಬದಲಿಸುವುದು ಆ ಕಪ್ಪು ಪದರ. 2018ರಲ್ಲಿ ಅಮೆರಿಕದ ಜಿನ್‌ಸಾಂಗ್ ಹುವಾಂಗ್ ಅವರ ತಂಡ ಇದನ್ನು ಮಾಡಿ ತೋರಿಸಿದಾಗ ವೇಗದಷ್ಟೇ ಬೆರಗು ಹುಟ್ಟಿಸಿದ್ದು ಪದರದ ನಯ. ಒಂದು ಸೆಂಟಿಮೀಟರ್ ಉದ್ದಕ್ಕೆ ಅದರ ಒರಟುತನ ಬರೀ 14.5 ನ್ಯಾನೊಮೀಟರ್. ಈ ನಯಕ್ಕೆ ಕಾರಣ ಶಾಯಿಗೆ ಬೆರೆಸಿದ್ದ ಫಾಸ್ಫಟಿಡೈಲ್‌ಕೋಲಿನ್ ಎಂಬ ಅಣು. ಜೀವಕೋಶಗಳ ಪೊರೆಯಲ್ಲಿ ಸಹಜವಾಗಿ ಇರುವ ಈ ಕೊಬ್ಬಿನ ಜಾತಿಯ ವಸ್ತುವನ್ನು ಅವರು ಸೇರಿಸಿದ್ದು ಹತ್ತು ಲಕ್ಷ ಪಾಲು ಶಾಯಿಗೆ ಹತ್ತಾರು ಪಾಲಿನಷ್ಟು ಮಾತ್ರ.

ಇಷ್ಟು ಕಡಿಮೆ ವಸ್ತು ಇಷ್ಟು ದೊಡ್ಡ ಬದಲಾವಣೆ ತಂದದ್ದು ಹೇಗೆ? ಮುದ್ರಿತ ಸೌರಕೋಶಗಳ ಸಂಶೋಧನೆಯಲ್ಲಿ ಇವತ್ತು ಇಂಥ ಸೇರ್ಪಡೆಗಳ ಬಗ್ಗೆ ಬಹಳಷ್ಟು ಲೇಖನಗಳು ಬರುತ್ತಿವೆ. ಪ್ರತಿ ಲೇಖನದಲ್ಲೂ ಒಂದು ಹೊಸ ಅಣು, ಒಂದು ಹೊಸ ದಕ್ಷತೆಯ (ಬಿದ್ದ ಬಿಸಿಲಿನಲ್ಲಿ ವಿದ್ಯುತ್ತಾಗುವ ಪಾಲಿನ) ಅಂಕಿ. ಓದಿದವರಿಗೆ ಸೇರ್ಪಡೆ ಎಂದರೆ ಒಂದು ಬಗೆಯ ಟಾನಿಕ್ ಅನ್ನಿಸಿಬಿಡುತ್ತದೆ: ಬೆರೆಸಿದರೆ ಕೋಶಕ್ಕೆ ಬಲ ಬರುತ್ತದೆ ಅಂತ. ಆ ಕಲ್ಪನೆ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಸೇರ್ಪಡೆ ಮೊದಲು ಕೈಹಾಕುವುದು ಸಮಯಕ್ಕೆ. ಹಸಿ ಪದರ ಹರಳಾಗುವ ಆ ಕೆಲವು ಸೆಕೆಂಡುಗಳನ್ನು ಅದು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಯಾವುದು ಮೊದಲು ನಡೆಯಬೇಕು ಯಾವುದು ಆಮೇಲೆ ಎಂದು ಸರದಿ ಹಚ್ಚುತ್ತದೆ. ಹಾಗಾಗಿ ಒಂದು ಸೇರ್ಪಡೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವ ಮೊದಲು ಅದು ಯಾರನ್ನು ಹಿಡಿದಿಡುತ್ತದೆ, ಯಾವಾಗ ಬಿಡುತ್ತದೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು.

ಪೆರೊವ್ಸ್ಕೈಟ್ ಮೂಲತಃ ಒಂದು ಖನಿಜದ ಹೆಸರು. 1839ರಲ್ಲಿ ಯೂರಲ್ ಪರ್ವತಗಳಿಂದ ಬಂದ ಕ್ಯಾಲ್ಸಿಯಂ ಟೈಟನೇಟ್ ಖನಿಜಕ್ಕೆ ಗುಸ್ತಾವ್ ರೋಸ್ ರಷ್ಯದ ಲೆವ್ ಪೆರೊವ್ಸ್ಕಿಯ ಹೆಸರಿಟ್ಟ. ಸೌರಕೋಶದಲ್ಲಿ ಇರುವುದು ಆ ಖನಿಜವಲ್ಲ, ಅದರ ಒಳಜೋಡಣೆಯನ್ನು ಹೋಲುವ ಬೇರೊಂದು ವಸ್ತು. ಒಂದೊಂದು ಸೀಸದ ಅಯಾನಿನ ಸುತ್ತ ಆರು ಅಯೋಡೈಡ್ ಅಯಾನುಗಳು ನಿಂತು ಎಂಟು ಮುಖದ ಗೂಡು ಕಟ್ಟುತ್ತವೆ. ಗೂಡುಗಳು ಮೂಲೆಗೆ ಮೂಲೆ ತಾಗಿಕೊಂಡು ಸಾಲುಗಟ್ಟುತ್ತವೆ. ನಡುವೆ ಉಳಿದ ಪೊಳ್ಳಿನಲ್ಲಿ ಮೀಥೈಲ್‌ಅಮೋನಿಯಂ, ಫಾರ್ಮಮಿಡಿನಿಯಂ ಅಥವಾ ಸೀಸಿಯಂ ಅಯಾನು ಕೂರುತ್ತದೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ ಇದರಿಂದ ಮೊದಲ ಸೌರಕೋಶ ಮಾಡಿದಾಗ ದಕ್ಷತೆ ಶೇ. 3.8 ಇತ್ತು. ಈಗ ಪ್ರಯೋಗಾಲಯದ ಪುಟ್ಟ ಕೋಶಗಳಲ್ಲಿ ಅದು ಶೇ. 26 ದಾಟಿದೆ. ಸಿಲಿಕಾನ್ ಮೇಲೆ ಪೆರೊವ್ಸ್ಕೈಟ್ ಕೂರಿಸಿದ ಜೋಡಿಕೋಶಗಳು ಶೇ. 34ನ್ನೂ ದಾಟಿವೆ.

ಈ ಅಂಕಿಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ವ್ಯತ್ಯಾಸ. ಸಿಲಿಕಾನ್ ಕರಗುವುದು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದನ್ನು ಶುದ್ಧ ಮಾಡಿ, ಕರಗಿಸಿ, ದೊಡ್ಡ ಹರಳಾಗಿ ಎಳೆದು, ಬಿಲ್ಲೆ ಕೊಯ್ದ ಮೇಲೆ ಕೋಶದ ಕೆಲಸ ಶುರು. ಅಂದರೆ ಕೋಶ ಮಾಡುವವರ ಕೈಗೆ ಹರಳು ಸಿದ್ಧವಾಗಿ ಬರುತ್ತದೆ. ಪೆರೊವ್ಸ್ಕೈಟ್‌ನಲ್ಲಿ ಕೈಗೆ ಬರುವುದು ಲವಣಗಳನ್ನು ಕರಗಿಸಿದ ದ್ರಾವಣ. ಹರಳು ಹುಟ್ಟುವುದು ಕೋಶದ ಮೇಲೆಯೇ, 100ರಿಂದ 150 ಡಿಗ್ರಿಯ ಆಸುಪಾಸಿನಲ್ಲಿ, ಕಣ್ಣೆದುರಿಗೆ. ಅಗ್ಗವಾಗಿ, ಸುರುಳಿ ಸುರುಳಿಯಾಗಿ ಮುದ್ರಿಸಬಹುದು ಎಂಬ ಆಸೆ ಹುಟ್ಟಿದ್ದು ಇದರಿಂದ. ಕಷ್ಟ ಹುಟ್ಟಿದ್ದೂ ಇದರಿಂದಲೇ. ಹರಳು ಹೇಗೆ ಬೆಳೆಯುತ್ತದೆ ಎಂಬುದು ಪೂರ್ತಿಯಾಗಿ ಒಣಗುವ ಗಳಿಗೆಯ ಕೈಯಲ್ಲಿದೆ.

ಮೊಳಕೆ ಮತ್ತು ಬೆಳವಣಿಗೆ

ಉಪ್ಪುನೀರು ಆರಿದಾಗ ತಳದಲ್ಲಿ ಹರಳು ಕೂರುವುದನ್ನು ಎಲ್ಲರೂ ಕಂಡಿದ್ದೇವೆ. ನಿಧಾನಕ್ಕೆ ಆರಿದರೆ ಕೆಲವೇ ದೊಡ್ಡ ಹರಳುಗಳು, ಥಟ್ಟನೆ ಆರಿದರೆ ಪುಡಿಪುಡಿ. ಇದರ ಹಿಂದಿನ ಲೆಕ್ಕವನ್ನು 1950ರಲ್ಲಿ ವಿಕ್ಟರ್ ಲಾಮೆರ್ ಮತ್ತು ರಾಬರ್ಟ್ ಡೈನೆಗರ್ ಗಂಧಕದ ಕಣಗಳನ್ನು ಇಟ್ಟುಕೊಂಡು ವಿವರಿಸಿದರು. ದ್ರಾವಕ ಆವಿಯಾಗುತ್ತಾ ಹೋದಂತೆ ದ್ರಾವಣ ಮೊದಲು ಪರ್ಯಾಪ್ತವಾಗುತ್ತದೆ, ಅಂದರೆ ಹಿಡಿಯಬಲ್ಲಷ್ಟು ಲವಣ ತುಂಬಿಕೊಳ್ಳುತ್ತದೆ, ಆಮೇಲೆ ಆ ಮಿತಿ ದಾಟಿ ಅತಿಪರ್ಯಾಪ್ತವಾಗುತ್ತದೆ. ಆದರೂ ಹರಳು ತಕ್ಷಣ ಹುಟ್ಟುವುದಿಲ್ಲ. ಕೆಲವೇ ಅಯಾನುಗಳು ಸೇರಿ ಆದ ಗುಂಪಿಗೆ ಒಡಲಿಗಿಂತ ಹೊರಮೈ ಹೆಚ್ಚು. ಆ ಹೊರಮೈಯನ್ನು ಕಟ್ಟಲು ಖರ್ಚಾಗುವ ಶಕ್ತಿ ಒಂದಾಗುವುದರಿಂದ ಸಿಗುವ ಶಕ್ತಿಗಿಂತ ಜಾಸ್ತಿ ಇರುವತನಕ ಗುಂಪು ಮತ್ತೆ ಕರಗುತ್ತದೆ. ಒಂದು ಮಿತಿಯ ಗಾತ್ರ ದಾಟಿದ ಮೇಲೆಯೇ ಅದು ಮೊಳಕೆಯಾಗಿ ನಿಲ್ಲುವುದು. ಮೊಳಕೆಗಳು ಬಂದ ಮೇಲೆ ಕರಗಿದ್ದ ವಸ್ತು ಅವುಗಳ ಮೇಲೆ ಕೂರತೊಡಗುತ್ತದೆ. ದ್ರಾವಣದ ಸಾಂದ್ರತೆ ಇಳಿಯುತ್ತದೆ. ಹೊಸ ಮೊಳಕೆ ನಿಲ್ಲುತ್ತದೆ, ಬೆಳವಣಿಗೆ ಮಾತ್ರ ಮುಂದುವರಿಯುತ್ತದೆ.

ಸೌರಕೋಶಕ್ಕೆ ಬೇಕಾದ ಪದರದ ದಪ್ಪ ಸುಮಾರು ಅರ್ಧ ಮೈಕ್ರೊಮೀಟರ್. ಕೂದಲಿನ ದಪ್ಪದ ನೂರರಲ್ಲಿ ಒಂದು ಪಾಲೂ ಇಲ್ಲ. ಆ ತೆಳುವಿನಲ್ಲಿ ಎಲ್ಲೂ ತೂತಿಲ್ಲದೆ, ಒಂದಕ್ಕೊಂದು ಒತ್ತಿಕೊಂಡು, ಮೇಲಿಂದ ಕೆಳಗಿನವರೆಗೆ ಒಂದೇ ಹರಳು ಇರುವಂತೆ ಕಣಗಳು ನಿಲ್ಲಬೇಕು. ಅದಕ್ಕೆ ಮೊಳಕೆಗಳು ಎಲ್ಲೆಡೆ ಒಟ್ಟಿಗೆ ಬರಬೇಕು, ಆಮೇಲಿನ ಬೆಳವಣಿಗೆ ನಿಧಾನವಾಗಬೇಕು. ತಾನಾಗಿ ಆರಲು ಬಿಟ್ಟರೆ ಆಗುವುದು ಇದರ ತದ್ವಿರುದ್ಧ. ಅಲ್ಲೊಂದು ಇಲ್ಲೊಂದು ಮೊಳಕೆ ಬಂದು, ಅವು ಸೂಜಿಯಂತೆ, ಕವಲೊಡೆದ ಕೊಂಬೆಯಂತೆ ಉದ್ದಕ್ಕೆ ಚಾಚಿಕೊಂಡು, ನಡುವೆ ಬರಿ ನೆಲ ಉಳಿಯುತ್ತದೆ. ಆ ಬರಿ ಜಾಗದಲ್ಲಿ ಮೇಲಿನ ಪದರ ಕೆಳಗಿನದಕ್ಕೆ ತಾಗಿದರೆ ವಿದ್ಯುತ್ ಅಲ್ಲೇ ಸೋರಿಹೋಗುತ್ತದೆ.

ಪ್ರಯೋಗಾಲಯಗಳು ಈ ತೊಡಕನ್ನು ಒಂದು ಜಾಣ ಉಪಾಯದಿಂದ ದಾಟಿದವು. ಗಾಜಿನ ತುಂಡನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುತ್ತಾ ಅದರ ಮೇಲೆ ಶಾಯಿ ಹಾಕುವುದು, ಸರಿಯಾದ ಸೆಕೆಂಡಿಗೆ ಟಾಲ್ವೀನ್ ಅಥವಾ ಕ್ಲೋರೊಬೆಂಜೀನ್‌ನಂಥ, ಪೆರೊವ್ಸ್ಕೈಟನ್ನು ಕರಗಿಸಲಾರದ ಇನ್ನೊಂದು ದ್ರವವನ್ನು ಮೇಲಿಂದ ಸುರಿಯುವುದು. ಮೂಲ ದ್ರಾವಕ ಒಮ್ಮೆಲೇ ತೊಳೆದುಹೋಗಿ, ಇಡೀ ಮೇಲ್ಮೈಯಲ್ಲಿ ಒಂದೇ ಗಳಿಗೆಗೆ ಮೊಳಕೆ ಬರುತ್ತದೆ. 2014ರಲ್ಲಿ ದಕ್ಷಿಣ ಕೊರಿಯದ ಸಾಂಗ್ ಇಲ್ ಸೋಕ್ ಅವರ ತಂಡ ಇದನ್ನು ಹದಕ್ಕೆ ತಂದಿತು. ದಾಖಲೆ ಮಾಡಿದ ಕೋಶಗಳಲ್ಲಿ ಬಹುಪಾಲು ಈ ವಂಶದವು. ಆದರೆ ಒಂದು ಮೀಟರ್ ಅಗಲದ, ಓಡುತ್ತಿರುವ ಹಾಳೆಯನ್ನು ಹಾಗೆ ತಿರುಗಿಸಲು ಬರುವುದಿಲ್ಲ. ತಿರುಗುವ ತಟ್ಟೆಯಲ್ಲಿ ಶಾಯಿಯ ಹೆಚ್ಚಿನ ಪಾಲು ಅಂಚಿನಿಂದ ಸಿಡಿದು ಹಾಳಾಗುತ್ತದೆ ಬೇರೆ.

ಮುದ್ರಣದಲ್ಲಿ ಶಾಯಿ ಮೊದಲು ಹಸಿ ಪದರವಾಗಿ ಕೂರುತ್ತದೆ, ಕೊನೆಯ ದಪ್ಪದ ಹತ್ತಾರು ಪಟ್ಟು ದಪ್ಪಗೆ. ಆಮೇಲೆ ಬೀಸುಗಾಳಿ, ನಿರ್ವಾತ, ಬಿಸಿ ಅಥವಾ ಅವಕೆಂಪು ದೀಪ ಅದನ್ನು ಆರಿಸುತ್ತದೆ. ತಟ್ಟೆಯಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತಿದ್ದ ಘಟನೆಗಳು ಇಲ್ಲಿ ಯಂತ್ರದ ಉದ್ದಕ್ಕೂ ಹರಡಿಕೊಳ್ಳುತ್ತವೆ. ಹಾಳೆಯ ಅಂಚು ಬೇಗ ಆರುತ್ತದೆ, ನಡು ತಡವಾಗಿ. ಗಾಳಿಯ ರಭಸ ಒಂದು ಕಡೆ ಚೂರು ಜಾಸ್ತಿಯಾದರೂ ಅಲ್ಲೊಂದು ಪಟ್ಟೆ ಮೂಡುತ್ತದೆ. ಹರಳಾಗುವ ಗಳಿಗೆ ಎಷ್ಟು ಕಿರಿದಾಗಿದೆಯೋ ಈ ಸಣ್ಣ ಏರುಪೇರುಗಳು ಅಷ್ಟು ಘಾಸಿ ಮಾಡುತ್ತವೆ. ಗಳಿಗೆಯನ್ನು ಹಿಗ್ಗಿಸಲು ಬೇಕಾಗುವುದೇ ಸೇರ್ಪಡೆ.

ಹಿಡಿದಿಡುವವರು

ಹೀಗೆ ಗಳಿಗೆ ಹಿಗ್ಗಿಸುವ ಒಂದು ಸೇರ್ಪಡೆ ದ್ರಾವಕದ ವೇಷದಲ್ಲೇ ಬಂತು. ಪೆರೊವ್ಸ್ಕೈಟ್ ಲವಣಗಳು ಸಲೀಸಾಗಿ ಕರಗುವುದು ಡಿಎಂಎಫ್ ಎಂಬ ದ್ರಾವಕದಲ್ಲಿ. ಅದರ ಕುದಿಬಿಂದು 153 ಡಿಗ್ರಿ. ಅದಕ್ಕೆ ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕವನ್ನು ಸ್ವಲ್ಪ ಬೆರೆಸಿದರೆ ಪದರದ ರೂಪವೇ ಬದಲಾಗುತ್ತದೆ. ಡಿಎಂಎಸ್‌ಒ 189 ಡಿಗ್ರಿಯಲ್ಲಿ ಕುದಿಯುತ್ತದೆ, ಹಾಗಾಗಿ ನಿಧಾನಕ್ಕೆ ಹೋಗುತ್ತದೆ ಎಂಬುದು ಅರ್ಧ ಉತ್ತರ. ಇನ್ನರ್ಧ ಇರುವುದು ಅದರ ಆಮ್ಲಜನಕದ ತುದಿಯಲ್ಲಿ. ಆ ತುದಿಯಲ್ಲಿರುವ ಎಲೆಕ್ಟ್ರಾನ್ ಜೋಡಿ ಸೀಸದ ಅಯಾನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅಯೋಡೈಡ್ ಬಂದು ಕೂರಬೇಕಾದ ಜಾಗದಲ್ಲಿ ಡಿಎಂಎಸ್‌ಒ ಕೂತಿರುವುದರಿಂದ ಪೆರೊವ್ಸ್ಕೈಟ್ ಗೂಡು ಕಟ್ಟಿಕೊಳ್ಳಲು ಆಗದೆ, ಸೀಸ, ಅಯೋಡೈಡ್, ಡಿಎಂಎಸ್‌ಒ ಮೂರೂ ಸೇರಿದ ಒಂದು ಮಧ್ಯಂತರ ರೂಪ ನಿಲ್ಲುತ್ತದೆ. ಮುಂದೆ ಬಿಸಿ ತಾಗಿದಾಗ ಡಿಎಂಎಸ್‌ಒ ಕಳಚಿಕೊಂಡು ಹೋಗಿ, ಆ ಜಾಗಕ್ಕೆ ಅಯೋಡೈಡ್ ಬರುತ್ತದೆ. ಮೊಳಕೆ ಬರುವ ಹೊತ್ತು ಮತ್ತು ಹರಳು ಬೆಳೆಯುವ ಹೊತ್ತು ಹೀಗೆ ಬೇರೆಬೇರೆಯಾಗುತ್ತವೆ.

ಸೀಸವನ್ನು ಹಿಡಿಯುವ ಇತರ ಅಣುಗಳ ಕೆಲಸವೂ ಮೂಲದಲ್ಲಿ ಇದೇ. ಯೂರಿಯಾ, ಥಯೋಯೂರಿಯಾ, ಎನ್‌ಎಂಪಿ ಎಂಬ ದ್ರಾವಕ, ಹೀಗೆ ಪಟ್ಟಿ ಉದ್ದವಿದೆ. ಬೇರೆಯಾಗುವುದು ಹಿಡಿತದ ಬಿಗಿಯಲ್ಲಿ. ಸಡಿಲವಾದರೆ ಗಾಳಿ ಬೀಸುವ ಮೊದಲೇ ಹರಳು ಶುರುವಾಗುತ್ತದೆ. ಬಿಗಿ ಜಾಸ್ತಿಯಾದರೆ ಬಿಡುಗಡೆಗೆ ಹೆಚ್ಚು ಬಿಸಿ ಬೇಕು, ಆ ಬಿಸಿಗೆ ಮೀಥೈಲ್‌ಅಮೋನಿಯಂ ಹಾರಿಹೋಗುವ ಅಪಾಯ, ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸುವುದಾದರೆ ಹಾಳೆಯೇ ಸೊಟ್ಟಗಾಗುವ ಅಪಾಯ.

ಡಿಎಂಎಸ್‌ಒಗೆ ಇನ್ನೊಂದು ತೊಂದರೆ ಇದೆ. ಅದು ಹೊರಗೆ ಕಾಣದ ಕಾರಣ ಬಹಳ ಕಾಲ ಯಾರೂ ಗಮನಿಸಲಿಲ್ಲ. ದ್ರಾವಕ ಆವಿಯಾಗುವುದು ಮೇಲಿನಿಂದ. ಹಾಗಾಗಿ ಹರಳಿನ ತೊಗಟೆ ಮೊದಲು ಮೇಲ್ಭಾಗದಲ್ಲಿ ಕಟ್ಟುತ್ತದೆ, ಕೆಳಗೆ ಡಿಎಂಎಸ್‌ಒ ಸಿಕ್ಕಿಬೀಳುತ್ತದೆ. ಬಿಸಿ ಮಾಡಿದಾಗ ಅದು ಹೇಗೋ ಹೊರಬರುತ್ತದೆ, ಆದರೆ ಅದಿದ್ದ ಜಾಗ ಪೊಳ್ಳಾಗಿ ಉಳಿಯುತ್ತದೆ. ಮೇಲಿಂದ ನೋಡಿದರೆ ಸೊಗಸಾದ ಪದರ, ಅಡಿಯಲ್ಲಿ ಸಾಲುಸಾಲು ಗುಳಿಗಳು. ಬಿಸಿಲಿನಲ್ಲಿ ದಿನಗಟ್ಟಲೆ ನಿಂತ ಕೋಶ ಕೆಡತೊಡಗುವುದು ಈ ಗುಳಿಗಳಿಂದಲೇ ಎಂದು ಹುವಾಂಗ್ ಅವರ ತಂಡ 2021ರಲ್ಲಿ ತೋರಿಸಿತು. ಡಿಎಂಎಸ್‌ಒದ ಒಂದು ಪಾಲಿನ ಬದಲಿಗೆ ಕಾರ್ಬೊಹೈಡ್ರಜೈಡ್ ಎಂಬ ಘನವಸ್ತುವನ್ನು ಹಾಕಿದರು. ಅದೂ ಸೀಸವನ್ನು ಹಿಡಿಯುತ್ತದೆ, ಆದರೆ ಘನವಾದ್ದರಿಂದ ಪದರದಲ್ಲೇ ಉಳಿಯುತ್ತದೆ, ಹೊರಟುಹೋಗಿ ಪೊಳ್ಳು ಬಿಡುವುದಿಲ್ಲ. ಹಿಡಿಯುವ ಗುಣ ಇಬ್ಬರಲ್ಲೂ ಒಂದೇ. ಕೋಶದ ಆಯಸ್ಸನ್ನು ಬದಲಿಸಿದ್ದು ಕೊನೆಗೆ ಎಲ್ಲಿ ಉಳಿಯಿತು ಎಂಬ ಸಂಗತಿ.

ಕ್ಲೋರಿನ್ ಎಲ್ಲಿ ಹೋಯಿತು?

ಕೆಲಸ ಮಾಡಿ ಮಾಯವಾಗುವ ಸೇರ್ಪಡೆಯ ಕಥೆ ಇನ್ನೂ ಹಳೆಯದು. 2012ರಲ್ಲಿ ಆಕ್ಸ್‌ಫರ್ಡ್‌ನ ಹೆನ್ರಿ ಸ್ನೇತ್ ಮತ್ತು ಮಿಯಾಸಾಕಾ ಸೇರಿ ಮಾಡಿದ ಶೇ. 10.9 ದಕ್ಷತೆಯ ಕೋಶದ ಶಾಯಿಯಲ್ಲಿ ಸೀಸದ ಅಯೋಡೈಡ್ ಬದಲು ಸೀಸದ ಕ್ಲೋರೈಡ್ ಇತ್ತು. ಪದರದಲ್ಲಿ ಅಯೋಡಿನ್ ಜೊತೆಗೆ ಕ್ಲೋರಿನ್ನೂ ಬೆರೆತಿದೆ ಎಂದು ಭಾವಿಸಿ ಅದಕ್ಕೆ ಮಿಶ್ರ ಹ್ಯಾಲೈಡ್ ಎಂದೇ ಹೆಸರಾಯಿತು (ಕ್ಲೋರೈಡ್, ಅಯೋಡೈಡ್ ಎರಡೂ ಹ್ಯಾಲೈಡ್‌ಗಳು). ಮರುವರ್ಷ ಒಂದು ಅಳತೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೆಳಕು ಬಿದ್ದು ಹುಟ್ಟಿದ ವಿದ್ಯುದಂಶ ನಾಶವಾಗುವ ಮೊದಲು ಸಾಗುವ ದೂರ ಕ್ಲೋರೈಡ್ ಇಲ್ಲದೆ ಮಾಡಿದ ಪದರದಲ್ಲಿ ಸುಮಾರು 100 ನ್ಯಾನೊಮೀಟರ್, ಕ್ಲೋರೈಡ್ ಬಳಸಿದ್ದರಲ್ಲಿ ಒಂದು ಮೈಕ್ರೊಮೀಟರ್‌ಗೂ ಹೆಚ್ಚು. ಹತ್ತು ಪಟ್ಟು ಅಂತರ.

ಆದರೆ ಸಿದ್ಧವಾದ ಪದರದಲ್ಲಿ ಕ್ಲೋರಿನ್ ಹುಡುಕಿದರೆ ಅದು ಹೆಚ್ಚುಕಡಿಮೆ ಸಿಗುತ್ತಲೇ ಇರಲಿಲ್ಲ. ಪದರ ಹೀರುವ ಬೆಳಕಿನ ಅಲೆಯುದ್ದವೂ ಶುದ್ಧ ಅಯೋಡೈಡ್ ಪೆರೊವ್ಸ್ಕೈಟ್‌ನದೇ. ಕೆಲವು ವರ್ಷಗಳ ಚರ್ಚೆಯ ನಂತರ ಚಿತ್ರ ತಿಳಿಯಾಯಿತು. ಕ್ಲೋರೈಡ್ ಅಯಾನು ಅಯೋಡೈಡ್‌ಗಿಂತ ಚಿಕ್ಕದು, ಅಯೋಡೈಡ್ ಗೂಡಿನೊಳಗೆ ಸರಿಯಾಗಿ ಒಗ್ಗುವುದಿಲ್ಲ. ಪದರ ಬಿಸಿಯಾದಾಗ ಅದು ಮೀಥೈಲ್‌ಅಮೋನಿಯಂ ಜೊತೆಗೂಡಿ ಆವಿಯಾಗಿ ಹೊರಟುಹೋಗುತ್ತದೆ. ಹೋಗುವವರೆಗೆ ಒಂದು ಮಧ್ಯಂತರ ರೂಪವನ್ನು ಹಿಡಿದಿಟ್ಟು ಹರಳು ಬೆಳೆಯುವ ವೇಗವನ್ನು ತಗ್ಗಿಸುತ್ತದೆ. ಹತ್ತು ಪಟ್ಟು ದೂರ ದಕ್ಕಿದ್ದು ಪದರದಲ್ಲಿ ಉಳಿದ ಕ್ಲೋರಿನ್‌ನಿಂದಲ್ಲ, ಅದು ಇದ್ದಾಗ ಬೆಳೆದ ಹರಳಿನ ಗುಣದಿಂದ. ಇಡೀ ಸೇರ್ಪಡೆಗಳ ವಿದ್ಯೆಯಲ್ಲಿ ಇದಕ್ಕಿಂತ ಬೆಳಕು ಕೊಡುವ ಉದಾಹರಣೆ ನನಗೆ ಇನ್ನೊಂದು ಗೊತ್ತಿಲ್ಲ.

ಅದೇ ತಿಳಿವು ಮುಂದೆ ಫಾರ್ಮಮಿಡಿನಿಯಂ ಪೆರೊವ್ಸ್ಕೈಟ್‌ಗೆ ನೆರವಾಯಿತು. ಈ ವಸ್ತು ಬಿಸಿಲಿನ ಹೆಚ್ಚು ಭಾಗವನ್ನು ಹೀರುತ್ತದೆ, ಬಿಸಿಯನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದಕ್ಕೆ ಎರಡು ರೂಪ. ಬೇಕಾದದ್ದು ಕಪ್ಪು ರೂಪ, ಅದು ಬರುವುದು ಸುಮಾರು 150 ಡಿಗ್ರಿಯಲ್ಲಿ. ಕೋಣೆಯ ಉಷ್ಣತೆಯಲ್ಲಿ ಸ್ಥಿರವಾಗಿರುವುದು ಹಳದಿ ರೂಪ, ಅದು ಸೌರಕೋಶಕ್ಕೆ ಉಪಯೋಗಕ್ಕೆ ಬಾರದು. ಶಾಯಿಗೆ ಮೀಥೈಲ್‌ಅಮೋನಿಯಂ ಕ್ಲೋರೈಡ್ ಬೆರೆಸಿದರೆ ಹರಳು ಹಳದಿಯ ದಾರಿ ಹಿಡಿಯದೆ ಕಡಿಮೆ ಬಿಸಿಯಲ್ಲೇ ಕಪ್ಪಿನ ಕಡೆ ಹೊರಳುತ್ತದೆ, ಕಣಗಳೂ ದೊಡ್ಡವಾಗುತ್ತವೆ. 2019ರ ಹೊತ್ತಿಗೆ ಇದರ ಕ್ರಮ ಸ್ಪಷ್ಟವಾದ ಮೇಲೆ ಹೆಚ್ಚಿನ ದಕ್ಷತೆಯ ಕೋಶಗಳ ಶಾಯಿಯಲ್ಲಿ ಈ ಲವಣ ಮಾಮೂಲಾಯಿತು. ಹಾಕುವ ಪ್ರಮಾಣ ಹದ ಮೀರಿದರೆ ಮಾತ್ರ ಅದೇ ಕೈಕೊಡುತ್ತದೆ. ಕೆಲವೇ ಕಣಗಳು ದ್ವೀಪಗಳಂತೆ ಊದಿಕೊಂಡು ನಡುವೆ ಸಂದು ಬಿಡುತ್ತವೆ. ತಟ್ಟೆಯ ಮೇಲೆ ಹದವಾಗಿದ್ದ ಪ್ರಮಾಣ ನಿಧಾನವಾಗಿ ಆರುವ ಮುದ್ರಿತ ಪದರಕ್ಕೆ ಹದವಾಗಿಯೇ ಇರುತ್ತದೆ ಎನ್ನುವಂತಿಲ್ಲ.

ಹರಿವನ್ನು ಹದ್ದುಬಸ್ತಿನಲ್ಲಿಡುವುದು

ಮೊದಲು ಹೇಳಿದ ಫಾಸ್ಫಟಿಡೈಲ್‌ಕೋಲಿನ್ ಇವೆಲ್ಲದಕ್ಕಿಂತ ಬೇರೆ ಜಾತಿ. ಅದರ ಮುಖ್ಯ ಕೆಲಸ ನಡೆಯುವುದು ಹರಳು ಹುಟ್ಟುವ ಮೊದಲು, ದ್ರವದ ಮೇಲ್ಮೈಯಲ್ಲಿ. ಹಸಿ ಪದರ ಎಲ್ಲ ಕಡೆ ಒಂದೇ ಸಮ ಆರುವುದಿಲ್ಲವಾದ್ದರಿಂದ ಜಾಗದಿಂದ ಜಾಗಕ್ಕೆ ಉಷ್ಣತೆಯೂ ಸಾಂದ್ರತೆಯೂ ಬದಲಾಗುತ್ತವೆ, ಅದರೊಂದಿಗೆ ಮೇಲ್ಮೈಯ ಎಳೆತವೂ. ಎಳೆತ ಕಡಿಮೆ ಇರುವಲ್ಲಿಂದ ಹೆಚ್ಚಿರುವ ಕಡೆಗೆ ದ್ರವ ಹರಿಯುತ್ತದೆ. ಇದಕ್ಕೆ ಮಾರಂಗೋನಿ ಹರಿವು ಎಂದು ಹೆಸರು. ಪೆರೊವ್ಸ್ಕೈಟ್ ಶಾಯಿಯಲ್ಲಿ ಅದು ಅಯಾನುಗಳನ್ನು ಒಂದೆಡೆ ಗುಡ್ಡೆ ಹಾಕಿ ಇನ್ನೊಂದೆಡೆ ಬರಿದು ಮಾಡುತ್ತದೆ, ಅಲ್ಲೆಲ್ಲ ದ್ವೀಪಗಳೂ ಪಟ್ಟೆಗಳೂ ಮೂಡುತ್ತವೆ. ಒಂದು ತುದಿ ದ್ರವಕ್ಕೆ ಒಲಿದು ಇನ್ನೊಂದು ತುದಿ ಅದರಿಂದ ದೂರ ನಿಲ್ಲುವ ಅಣುಗಳು ಮೇಲ್ಮೈಯಲ್ಲಿ ಸಾಲಾಗಿ ನಿಂತರೆ ಈ ಹರಿವಿಗೆ ಎದುರಾದ ಎಳೆತ ಹುಟ್ಟಿ ದ್ರವ ಶಾಂತವಾಗುತ್ತದೆ. ಮೇಲ್ಮೈಯನ್ನು ಮುಚ್ಚಲು ಒಂದೇ ಅಣುವಿನ ದಪ್ಪ ಸಾಕು, ಆದ್ದರಿಂದಲೇ ಅಷ್ಟು ಕಡಿಮೆ ಪ್ರಮಾಣ ಅಷ್ಟು ಕೆಲಸ ಮಾಡಿತು. ಶಾಯಿಗೆ ಅಂಟದ ಕೆಳಪದರದ ಮೇಲೂ ಅದು ಹರಡಿಕೊಳ್ಳುವಂತಾಯಿತು. 33 ಚದರ ಸೆಂಟಿಮೀಟರ್ ಫಲಕದಲ್ಲಿ ಶೇ. 15.3, 57.2 ಚದರ ಸೆಂಟಿಮೀಟರಿನದ್ದರಲ್ಲಿ ಶೇ. 14.6 ದಕ್ಷತೆ ದಾಖಲಾಯಿತು. ಗಾತ್ರ ಬೆಳೆದರೂ ಅಂಕಿ ಇಳಿದದ್ದು ಬಹಳ ಕಡಿಮೆ, ಮುದ್ರಣದ ದೃಷ್ಟಿಯಿಂದ ನಿಜವಾದ ಸುದ್ದಿ ಅದು.

ಇಂಕ್‌ಜೆಟ್‌ನಲ್ಲಿ ಹನಿಯ ಅಂಚಿನಲ್ಲಿ ಉಂಗುರ ಕಟ್ಟದಂತೆ ತಡೆಯಲು, ಕೊರೆದ ಉರುಳೆಯಿಂದ ಮಾಡುವ ಗ್ರವ್ಯೂರ್ ಮುದ್ರಣದಲ್ಲಿ ಶಾಯಿಗೆ ತಕ್ಕ ಸ್ನಿಗ್ಧತೆ ತರಲು ಪಾಲಿಮರ್‌ಗಳನ್ನೂ ಪಿಷ್ಟವನ್ನೂ ಬೆರೆಸುವುದುಂಟು. ಸರಪಣಿಯಂತೆ ಉದ್ದವಾದ ಈ ಅಣುಗಳ ಮೈಮೇಲೆ ಸೀಸವನ್ನು ಹಿಡಿಯುವ ಗುಂಪುಗಳಿರುವುದರಿಂದ ಅವು ಶಾಯಿಯನ್ನು ದಪ್ಪ ಮಾಡುವುದರ ಜೊತೆಗೆ ಮೊಳಕೆಗೆ ಆಸರೆಯೂ ಆಗುತ್ತವೆ. ಅವು ಆವಿಯಾಗಿ ಹೋಗಲಾರವು ಎಂಬುದನ್ನು ಮಾತ್ರ ಮರೆಯಬಾರದು. ಕಣಗಳ ನಡುವೆ ಉಳಿದ ಪಾಲಿಮರ್ ತೇವಾಂಶವನ್ನು ತಡೆಯಬಹುದು, ವಿದ್ಯುತ್ತನ್ನೂ ತಡೆಯಬಹುದು.

ಉಳಿದುಕೊಂಡು ಕಾಯುವುದು

ಉಳಿಯುವ ಸೇರ್ಪಡೆಗಳಲ್ಲಿ ಬಹಳ ಕಾಲ ಪರೀಕ್ಷೆಗೆ ನಿಂತವುಗಳಲ್ಲಿ ಒಂದು 5-ಅಮೈನೊವ್ಯಾಲೆರಿಕ್ ಆಮ್ಲ. ಚೀನಾದ ವುಹಾನ್‌ನಲ್ಲಿ ಹೊಂಗ್‌ವೆಯ್ ಹಾನ್ ಅವರ ತಂಡ ಕಟ್ಟಿದ ಕೋಶದ ವಿನ್ಯಾಸವೇ ಬೇರೆ. ಟೈಟಾನಿಯಂ ಡೈಆಕ್ಸೈಡ್, ಜಿರ್ಕೋನಿಯಂ ಡೈಆಕ್ಸೈಡ್, ಅವುಗಳ ಮೇಲೆ ಸುಮಾರು 10 ಮೈಕ್ರೊಮೀಟರ್ ದಪ್ಪದ ಇಂಗಾಲ, ಮೂರನ್ನೂ ಸ್ಕ್ರೀನ್ ಪ್ರಿಂಟಿಂಗ್‌ನಿಂದ ಮೊದಲೇ ಮುದ್ರಿಸಿ ಸುಡುತ್ತಾರೆ. ಮೂರೂ ರಂಧ್ರಮಯ. ಕೊನೆಗೆ ಪೆರೊವ್ಸ್ಕೈಟ್ ಶಾಯಿಯನ್ನು ಇಂಗಾಲದ ಮೇಲೆ ಬಿಟ್ಟರೆ ಅದು ಜಿನುಗುತ್ತಾ ತಳ ಮುಟ್ಟುತ್ತದೆ, ರಂಧ್ರಗಳೊಳಗೇ ಹರಳಾಗುತ್ತದೆ. ದುಬಾರಿ ಲೋಹದ ವಿದ್ಯುದ್ವಾರ ಬೇಡ, ನಿರ್ವಾತ ಯಂತ್ರ ಬೇಡ.

ಆದರೆ ಆ ಕತ್ತಲ ಓಣಿಗಳಲ್ಲಿ ಹರಳು ತುಂಬಿಕೊಳ್ಳುವುದು ಸುಲಭವಲ್ಲ. ಮೇಲೆಯೇ ಹರಳುಗಟ್ಟಿದರೆ ಕೆಳಗಿನ ರಂಧ್ರಗಳು ಖಾಲಿ. ಇಲ್ಲಿ ಅಮೈನೊವ್ಯಾಲೆರಿಕ್ ಆಮ್ಲದ ಎರಡು ತುದಿಗಳು ಎರಡು ಕೆಲಸ ಮಾಡುತ್ತವೆ. ಒಂದು ತುದಿಯ ಆಮ್ಲದ ಗುಂಪು ಟೈಟಾನಿಯಂ ಡೈಆಕ್ಸೈಡ್ ಗೋಡೆಗೆ ಅಂಟುತ್ತದೆ. ಇನ್ನೊಂದು ತುದಿಯ ಅಮೋನಿಯಂ ಗುಂಪು ಪೆರೊವ್ಸ್ಕೈಟ್ ಹರಳಿನ ಮೈಯಲ್ಲಿ ಕೂರುತ್ತದೆ. ಅಣು ಉದ್ದವಾಗಿರುವುದರಿಂದ ಗೂಡಿನ ಒಳಗೆ ಪೂರ್ತಿ ಸೇರಲಾರದು, ಹಾಗಾಗಿ ಹರಳಿನ ಅಂಚಿನಲ್ಲೇ ನಿಂತು ಬೆಳವಣಿಗೆಯ ದಿಕ್ಕನ್ನು ತಿದ್ದುತ್ತದೆ. ಹರಳು ಗೋಡೆಯಿಂದ ಶುರುವಾಗಿ ರಂಧ್ರವನ್ನು ತುಂಬುತ್ತಾ ಬರುತ್ತದೆ. 2014ರಲ್ಲಿ ಈ ಕೋಶ ಶೇ. 12.8 ದಕ್ಷತೆಯ ಪ್ರಮಾಣಪತ್ರ ಪಡೆಯಿತು, ತೆರೆದ ಗಾಳಿಯಲ್ಲಿ, ಪೂರ್ಣ ಬಿಸಿಲಿನಲ್ಲಿ 1000 ಗಂಟೆ ಮೀರಿ ನಿಂತಿತು. ಆ ದಿನಗಳಲ್ಲಿ ಅನೇಕ ಪೆರೊವ್ಸ್ಕೈಟ್ ಕೋಶಗಳು ದಿನಗಳ ಲೆಕ್ಕದಲ್ಲಿ ಸಾಯುತ್ತಿದ್ದವು. 2017ರಲ್ಲಿ ಜೂಲಿಯಾ ಗ್ರಾಂಚಿನಿ ಮತ್ತು ಜೊತೆಗಾರರು ಇದೇ ಅಣುವನ್ನು ಬಳಸಿ 10 ಸೆಂಟಿಮೀಟರ್ ಚೌಕದ ಮುದ್ರಿತ ಫಲಕದಲ್ಲಿ ಶೇ. 11.2 ದಕ್ಷತೆ ತಂದು, ನಿಯಂತ್ರಿತ ಸ್ಥಿತಿಯಲ್ಲಿ 10,000 ಗಂಟೆ ಇಳಿಕೆಯಿಲ್ಲದೆ ಓಡಿಸಿದರು. ಶೇ. 26ರ ಪಕ್ಕದಲ್ಲಿ 11.2 ಚಿಕ್ಕದಾಗಿ ಕಾಣುತ್ತದೆ. ಆದರೆ ಒಂದು ವರ್ಷಕ್ಕೂ ಮೀರಿದ ಆ ಅವಧಿಗೆ ನಾನು ಕೊಡುವ ಬೆಲೆ ಹೆಚ್ಚು.

ಅದೇ ವರ್ಷ ಹಾನ್ ಅವರ ಬಳಗದಿಂದ ಬಂದ ಇನ್ನೊಂದು ಫಲಿತಾಂಶ ನೀರಿನ ಬಗ್ಗೆ ನಮಗಿದ್ದ ಭಯವನ್ನೇ ತಿದ್ದಿತು. ಪೆರೊವ್ಸ್ಕೈಟ್‌ಗೆ ತೇವಾಂಶ ಶತ್ರು ಎಂದು ಎಲ್ಲೆಡೆ ಓದುತ್ತೇವೆ. ಸಿದ್ಧ ಹರಳಿನ ಮಟ್ಟಿಗೆ ಅದು ನಿಜ. ಆದರೆ ಶಾಯಿಗೆ ಅಮೋನಿಯಂ ಕ್ಲೋರೈಡ್ ಬೆರೆಸಿ, ಹರಳಾಗುವ ಹೊತ್ತಿನಲ್ಲಿ ತೇವದ ಗಾಳಿಯಲ್ಲಿಟ್ಟರೆ, ನೀರಿನ ಅಣುಗಳನ್ನೂ ಒಳಗೊಂಡ ಒಂದು ಮಧ್ಯಂತರ ರೂಪ ಹುಟ್ಟಿ, ಅದರ ಮೂಲಕ ಹಾದುಬರುವ ಪೆರೊವ್ಸ್ಕೈಟ್ ರಂಧ್ರಗಳನ್ನು ಇನ್ನಷ್ಟು ಚೆನ್ನಾಗಿ ತುಂಬುತ್ತದೆ. ದಕ್ಷತೆ ಶೇ. 15.6ಕ್ಕೆ ಏರಿತು. ಅಂದರೆ ಇಲ್ಲಿ ಗಾಳಿಯ ತೇವವೇ ಒಂದು ಸೇರ್ಪಡೆ. ಯಾವ ಗಳಿಗೆಯಲ್ಲಿ ಬಂತು ಎಂಬುದರ ಮೇಲೆ ಅದು ಗೆಳೆಯ ಅಥವಾ ವೈರಿ.

ದೊಡ್ಡ ಕಣದ ಮೋಹ

ಸೇರ್ಪಡೆಗಳ ಬಗ್ಗೆ ಬರುವ ಲೇಖನಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಎರಡು ಚಿತ್ರಗಳು ಅಕ್ಕಪಕ್ಕ ಇರುವುದು ವಾಡಿಕೆ. ಎಡಕ್ಕೆ ಸೇರ್ಪಡೆ ಇಲ್ಲದ ಪುಟ್ಟ ಕಣಗಳು, ಬಲಕ್ಕೆ ಸೇರ್ಪಡೆ ಹಾಕಿದ ದೊಡ್ಡ ಕಣಗಳು, ಕೆಳಗೆ ಏರಿದ ದಕ್ಷತೆ. ಕಣ ದೊಡ್ಡದಾಯಿತು, ಆದ್ದರಿಂದ ಕೋಶ ಉತ್ತಮವಾಯಿತು ಎಂಬ ತೀರ್ಮಾನ. ಇದನ್ನು ಸುಮ್ಮನೆ ಒಪ್ಪಬಾರದು. ವಿದ್ಯುದಂಶಗಳು ಸಾಗಬೇಕಾದದ್ದು ಪದರದ ದಪ್ಪದ ದಿಕ್ಕಿನಲ್ಲಿ. ಕಣ ಆ ದಪ್ಪವನ್ನು ಪೂರ್ತಿ ತುಂಬಿದ ಮೇಲೆ ಅಡ್ಡಕ್ಕೆ ಇನ್ನಷ್ಟು ಅಗಲವಾದರೆ ಸಿಗುವ ಲಾಭ ಕಡಿಮೆ. ಮೇಲಿಂದ ಒಂದು ಕಣದಂತೆ ಕಂಡದ್ದರ ಒಳಗೆ ಹಲವು ಹರಳುಗಳಿರಬಹುದು. ಜೊತೆಗೆ ಅದೇ ಸೇರ್ಪಡೆ ಕಣದ ಅಂಚಿನ ದೋಷಗಳನ್ನೂ ಮುಚ್ಚಿರಬಹುದು, ಆಗ ದಕ್ಷತೆ ಏರಿದ್ದು ಯಾವುದರಿಂದ ಎಂದು ಚಿತ್ರ ನೋಡಿ ಹೇಳಲಾಗದು.

ಸೀಸದ ಥಯೋಸಯನೇಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದನ್ನು ಬೆರೆಸಿದರೆ ಕಣಗಳು ಹಲವು ಪಟ್ಟು ಹಿಗ್ಗುತ್ತವೆ. ಥಯೋಸಯನೇಟ್ ಆವಿಯಾಗಿ ಹೋಗುತ್ತದೆ, ಸೀಸ ಹೋಗುವುದಿಲ್ಲ, ಅದು ಸೀಸದ ಅಯೋಡೈಡ್ ಆಗಿ ಕಣಗಳ ಅಂಚಿನಲ್ಲಿ ಕೂರುತ್ತದೆ. ಸ್ವಲ್ಪವೇ ಇದ್ದರೆ ದೋಷ ಮುಚ್ಚುತ್ತದೆ, ಹೆಚ್ಚಾದರೆ ಬೆಳಕಿಗೆ ಒಡೆದು ಹರಳು ಕೆಡಲು ದಾರಿ ಮಾಡುತ್ತದೆ. ಚಿತ್ರದಲ್ಲಿ ಸುಂದರವಾಗಿ ಕಂಡ ಪದರ ಬಿಸಿಲಲ್ಲಿ ಮೊದಲು ಸೋಲಬಹುದು.

ಲೇಖನಗಳು ತಮ್ಮ ಅತ್ಯುತ್ತಮ ಕೋಶದ ಅಂಕಿಯ ಬದಲು ಸೇರ್ಪಡೆ ಎಷ್ಟು ವಿಶಾಲವಾದ ಗಳಿಗೆ ಕೊಟ್ಟಿತು ಎಂಬುದನ್ನು ಮುಂದಿಡಲಿ ಎಂಬುದು ನನ್ನ ಆಸೆ. ಗಾಳಿ ಬೀಸುವುದು ಮೂರು ಸೆಕೆಂಡ್ ತಡವಾದರೆ ಪದರ ಏನಾಗುತ್ತದೆ? ಹತ್ತು ಸೆಕೆಂಡ್ ತಡವಾದರೆ? ಕೋಣೆಯ ತೇವಾಂಶ ಏರಿದರೆ? ಮುದ್ರಣ ಯಂತ್ರದ ಮುಂದೆ ನಿಂತವರಿಗೆ ಬೇಕಾದದ್ದು ಈ ಉತ್ತರಗಳು. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆ ಮತ್ತು ಜೊತೆಗಾರರು 2024ರಲ್ಲಿ ತೆರೆದ ಗಾಳಿಯಲ್ಲಿ, ಇಡೀ ಕೋಶವನ್ನು ಸುರುಳಿಯಿಂದ ಸುರುಳಿಗೆ ಮುದ್ರಿಸಿದಾಗ ಒಂಟಿ ಪುಟ್ಟ ಕೋಶದ ದಕ್ಷತೆ ಶೇ. 15.5 ಇತ್ತು, ಸುಮಾರು 50 ಚದರ ಸೆಂಟಿಮೀಟರಿನ ಫಲಕದ್ದು ಶೇ. 11. ಫಲಕದಲ್ಲಿ ಕೋಶಗಳನ್ನು ಜೋಡಿಸುವ ಗೆರೆಗಳಿಗೆ ಜಾಗ ಹೋಗುತ್ತದೆ, ವಾಹಕ ಪದರದ ರೋಧವೂ ಸೇರುತ್ತದೆ. ಆದರೂ ಒಂದು ಮೂಲೆಯ ಹರಳು ಇನ್ನೊಂದು ಮೂಲೆಯದರಂತೆ ಇಲ್ಲದಿರುವುದು ಇಂಥ ಅಂತರಗಳ ಸಾಮಾನ್ಯ ಕಾರಣಗಳಲ್ಲಿ ಒಂದು. ಸರಣಿಯಲ್ಲಿ ಜೋಡಿಸಿದ ಕೋಶಗಳಲ್ಲಿ ಅತಿ ದುರ್ಬಲವಾದದ್ದೇ ಎಲ್ಲದರ ವಿದ್ಯುತ್ತಿಗೆ ಮಿತಿ ಹಾಕುತ್ತದೆ.

ದ್ರಾವಕದ ವಿಷಯವೂ ಇದರೊಳಗೇ ಬರುತ್ತದೆ. ಡಿಎಂಎಫ್ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು. ಐರೋಪ್ಯ ಒಕ್ಕೂಟ ಕಾರ್ಮಿಕರ ರಕ್ಷಣೆಗಾಗಿ 2023ರ ಡಿಸೆಂಬರ್‌ನಿಂದ ಅದರ ಬಳಕೆಯ ಮೇಲೆ ಕಟ್ಟುನಿಟ್ಟು ತಂದಿದೆ. ದ್ರಾವಕ ಬದಲಿಸಿದರೆ ಹಿಡಿತದ ಬಿಗಿ, ಆರುವ ವೇಗ, ಮಧ್ಯಂತರ ರೂಪ ಎಲ್ಲವೂ ಬದಲಾಗುತ್ತವೆ, ಸೇರ್ಪಡೆಯನ್ನು ಮೊದಲಿನಿಂದ ಹುಡುಕಬೇಕಾಗುತ್ತದೆ.

ಇನ್ನೊಂದು ತೊಡಕು ಯಂತ್ರ ಓಡತೊಡಗಿದ ಮೇಲೆಯೇ ಕಾಣುವುದು. ತಟ್ಟೆಯ ಮೇಲೆ ಮಾಡುವಾಗ ಬೆಳಿಗ್ಗೆ ಕಲಸಿದ ಶಾಯಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಉದ್ದನೆಯ ಸುರುಳಿ ಮುದ್ರಿಸುವಾಗ ಶಾಯಿ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯುತ್ತದೆ. ಆ ಕಾಯುವಿಕೆಯಲ್ಲಿ ಮೀಥೈಲ್‌ಅಮೋನಿಯಂ ಒಂದು ಪ್ರೋಟಾನ್ ಕಳೆದುಕೊಂಡು ಮೀಥೈಲ್‌ಅಮೀನ್ ಆಗುತ್ತದೆ, ಅದು ಪಕ್ಕದಲ್ಲಿರುವ ಫಾರ್ಮಮಿಡಿನಿಯಂ ಜೊತೆ ಕೂಡಿ ಬೇರೆಯದೇ ಅಯಾನು ಹುಟ್ಟುತ್ತದೆ. ಹರಳನ್ನು ಕಪ್ಪು ರೂಪಕ್ಕೆ ತಿರುಗಿಸಲೆಂದು ಹಾಕಿದ ಮೀಥೈಲ್‌ಅಮೋನಿಯಂ ಕ್ಲೋರೈಡೇ ಇಲ್ಲಿ ಶಾಯಿಯನ್ನು ಕೆಡಿಸುವ ಕೈ. ಅಯೋಡೈಡ್‌ನ ಒಂದು ಪಾಲು ಗಾಳಿಗೆ ಅಯೋಡಿನ್ ಆಗುವುದೂ ಇದರ ಜೊತೆಗಿದೆ. ಹಾಗಾಗಿ ಮೊದಲ ಮೀಟರ್ ಮುದ್ರಿಸಿದ ಶಾಯಿಯೂ ಕೊನೆಯ ಮೀಟರ್ ಮುದ್ರಿಸಿದ ಶಾಯಿಯೂ ಒಂದೇ ಅಲ್ಲ. 2020ರಲ್ಲಿ ಚೀನಾದ ಸಂಶೋಧಕರು ಇದಕ್ಕೆ ಟ್ರೈಈಥೈಲ್ ಬೋರೇಟ್ ಎಂಬ ದ್ರವವನ್ನು ಬೆರೆಸಿ ನೋಡಿದರು. ಅದು ಶಾಯಿಯಲ್ಲಿ ಪ್ರೋಟಾನ್ ಕಳಚಿಕೊಳ್ಳುವುದನ್ನು ತಡೆಯುತ್ತದೆ, ಪದರ ಬಿಸಿಯಾದಾಗ ಕುರುಹಿಲ್ಲದೆ ಆವಿಯಾಗುತ್ತದೆ, ಏಕೆಂದರೆ ಅದರ ಕುದಿಬಿಂದು ಸುಮಾರು 120 ಡಿಗ್ರಿ. ಸೇರ್ಪಡೆಯನ್ನು ಕಾಯಲು ಇನ್ನೊಂದು ಸೇರ್ಪಡೆ. ತೊಟ್ಟಿಯಲ್ಲಿ ಮಾತ್ರ ಅದರ ಕೆಲಸ, ಹರಳು ಹುಟ್ಟುವ ಹೊತ್ತಿಗೆ ಅದು ಅಲ್ಲಿಂದ ಹೊರಟಿರಬೇಕು.